ಅಪ್ಪನಿಗೆ ಬರೆದ ಕಾಗದವನ್ನು ಎಷ್ಟು ನಂಬಬಹುದು?

ಓದುಗರ ಪ್ರಶ್ನೆ: ಅಮೆರಿಕದ ಹಳೇ ಕಾಲೇಜುಗಳಲ್ಲಿ ಓದಿದವರ ಕಾಗದಗಳು, ಡೈರಿಗಳು ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ. ಅವನ್ನು ಓದಿ ಆ ಕಾಲದ ಕಾಲೇಜು ಹೀಗೇ ಇತ್ತು ಅಂತ ನಂಬಬಹುದಾ?

ನಂಬಬಹುದು. ಆದರೆ ಕಾಗದ ಯಾರಿಗೆ ಬರೆದದ್ದು ಅನ್ನುವುದನ್ನು ಮೊದಲು ನೋಡಬೇಕು. ಹಾಸ್ಟೆಲ್‌ನಿಂದ ಮನೆಗೆ ದುಡ್ಡು ಕೇಳಿ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೇಮ್ಸ್ ಮ್ಯಾಡಿಸನ್‌ನನ್ನೇ ತೆಗೆದುಕೊಳ್ಳಿ. ಮುಂದೆ ಅಮೆರಿಕದ ನಾಲ್ಕನೇ ಅಧ್ಯಕ್ಷನಾದವನು. 1769ರಲ್ಲಿ ವರ್ಜೀನಿಯಾ ಬಿಟ್ಟು ಪ್ರಿನ್ಸ್‌ಟನ್‌ಗೆ ಓದಲು ಹೋದ. ಆಗ ಅದರ ಹೆಸರು ಕಾಲೇಜ್ ಆಫ್ ನ್ಯೂಜೆರ್ಸಿ. ಆ ವರ್ಷ ಮಳೆ ಸರಿಯಾಗಿರಲಿಲ್ಲ, ಖರ್ಚು ನೋಡಿಕೊಂಡು ಮಾಡು ಅಂತ ಅಪ್ಪ ಎಚ್ಚರಿಸಿದ್ದರು. ಮಗನ ಉತ್ತರ ಬಹಳ ಚೆನ್ನಾಗಿದೆ: ನಿಮ್ಮ ಮಾತು ತಪ್ಪದೆ ಪಾಲಿಸುತ್ತೇನೆ, ಆದರೆ ಇಲ್ಲಿ ಒಂದೊಂದು ಚಿಲ್ಲರೆ ಸಾಮಾನಿಗೂ ಅಂದುಕೊಂಡದ್ದಕ್ಕಿಂತ ಜಾಸ್ತಿ ದುಡ್ಡು ಹೋಗುತ್ತದೆ ಅನ್ನುತ್ತಾನೆ. ವಿನಯವೂ ಇದೆ, ಬೇಡಿಕೆಯೂ ಇದೆ.

ಮರುವರ್ಷ ಜುಲೈನಲ್ಲಿ ಅಪ್ಪನಿಗೇ ಇನ್ನೊಂದು ಕಾಗದ. ಇಂಗ್ಲೆಂಡಿನ ಸರಕು ತರಿಸಬಾರದು ಅಂತ, ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಅಮೆರಿಕದ ವಸಾಹತುಗಳ ವ್ಯಾಪಾರಿಗಳು ಒಪ್ಪಂದ ಮಾಡಿಕೊಂಡಿದ್ದ ಕಾಲ ಅದು. ನ್ಯೂಯಾರ್ಕಿನವರು ಅದನ್ನು ಮುರಿದು, ನೀವೂ ಬಿಡಿ ಅಂತ ಫಿಲಡೆಲ್ಫಿಯಾದವರಿಗೆ ಪತ್ರ ಕಳಿಸಿದರು. ವಿದ್ಯಾರ್ಥಿಗಳು ಕಪ್ಪು ಗೌನು ಹಾಕಿಕೊಂಡು, ಗಂಟೆ ಬಾರಿಸುತ್ತಾ, ಕಾಲೇಜಿನ ಅಂಗಳದಲ್ಲಿ ಆ ಪತ್ರವನ್ನು ಸುಟ್ಟರಂತೆ. ಕಾಲೇಜು ಮತ್ತು ಅದರ ಗ್ರಾಮರ್ ಶಾಲೆ ಸೇರಿ ಸುಮಾರು 115 ಜನ ಇದ್ದೇವೆ, ಎಲ್ಲರೂ ಅಮೆರಿಕದಲ್ಲೇ ನೇಯ್ದ ಬಟ್ಟೆ ತೊಡುತ್ತೇವೆ ಅಂತಲೂ ಬರೆದಿದ್ದಾನೆ. ಓದಿದ ಅಪ್ಪನಿಗೆ ಹೆಮ್ಮೆ ಆಗಿರಬೇಕು.

ಅಪ್ಪನಿಗೆ ಬರೆಯದೇ ಬಿಟ್ಟದ್ದು ಬೇರೆ ಕಡೆ ಸಿಗುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಅಮೆರಿಕನ್ ವಿಗ್, ಕ್ಲಿಯೋಸೋಫಿಕ್ ಅಂತ ಎರಡು ವಿದ್ಯಾರ್ಥಿ ಸಂಘಗಳಿದ್ದವು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ವಿಗ್ ಕಡೆಯ ಮ್ಯಾಡಿಸನ್ ಎದುರಾಳಿಗಳನ್ನು ಪದ್ಯದಲ್ಲಿ ಬೈದಿದ್ದಾನೆ. ಪದ್ಯ ಅನ್ನುವುದಕ್ಕಿಂತ ಪೋಲಿ ಹಾಡು ಅನ್ನಬಹುದು. ಕವಿತ್ವ ಅಷ್ಟಕ್ಕಷ್ಟೆ. ಗೆಳೆಯ ವಿಲಿಯಂ ಬ್ರಾಡ್‌ಫರ್ಡ್ ತನ್ನ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದರಿಂದ ಅವು ಉಳಿದವು. ಅಪ್ಪನಿಗೆ ಬರೆದ ಹುಡುಗ ಸುಳ್ಳು, ಈ ಹುಡುಗ ನಿಜ ಅಂತಲ್ಲ. ಇಬ್ಬರೂ ಒಬ್ಬನೇ. ಒಂದೇ ಕಟ್ಟು ಓದಿದರೆ ಅರ್ಧ ಹುಡುಗ ಮಾತ್ರ ಸಿಗುತ್ತಾನೆ.

ಇನ್ನೂ ದೊಡ್ಡ ತೊಂದರೆ ಒಂದಿದೆ. ಮ್ಯಾಡಿಸನ್ ಜೊತೆ ಪ್ರಿನ್ಸ್‌ಟನ್‌ವರೆಗೆ ಸಾನಿ ಅನ್ನುವ ಗುಲಾಮನೂ ಬಂದಿದ್ದ. ಮ್ಯಾಡಿಸನ್ ತನ್ನ ಹಳೇ ಮೇಷ್ಟ್ರಿಗೆ ಬರೆದ ಕಾಗದದಲ್ಲಿ ಅವನ ಹೆಸರು ಬರುತ್ತದೆ, ಯಾರದೋ ಸುದ್ದಿ ತಿಳಿಸಿದವನಾಗಿ, ಅಷ್ಟೆ. ಸಾನಿಗೆ ಆ ಪ್ರಯಾಣ ಹೇಗಿತ್ತು ಅಂತ ಆ ಕಾಗದ ಹೇಳುವುದಿಲ್ಲ. 1766ರಲ್ಲಿ ಅದೇ ಕಾಲೇಜಿನ ಅಧ್ಯಕ್ಷ ಸ್ಯಾಮ್ಯುಯೆಲ್ ಫಿನ್ಲಿ ತೀರಿಕೊಂಡಾಗ ಅವರ ಮನೆಯ ಸಾಮಾನಿನ ಜೊತೆ ಆರು ಜನ ಗುಲಾಮರನ್ನೂ ಹರಾಜಿಗೆ ಇಟ್ಟಿದ್ದರು. ಅದು ನಮಗೆ ಗೊತ್ತಾಗುವುದು ಪತ್ರಿಕೆಯ ಜಾಹೀರಾತಿನಿಂದ.

ನೊಂದವರೇ ಬರೆದ ಕಾಗದಗಳೂ ಅಲ್ಲಲ್ಲಿ ಉಳಿದಿವೆ. ಮೊಹೀಗನ್ ಬುಡಕಟ್ಟಿನ ಸ್ಯಾಮ್ಸನ್ ಆಕಮ್, ಮೂಲನಿವಾಸಿ ಮಕ್ಕಳ ಶಾಲೆಗೆಂದು ಬ್ರಿಟನ್‌ನಲ್ಲಿ ಊರೂರು ತಿರುಗಿ ಸುಮಾರು 12,000 ಪೌಂಡ್ ಕೂಡಿಸಿದರು. ಆ ಹಣದಿಂದ ಡಾರ್ಟ್‌ಮತ್ ಕಾಲೇಜು ಎದ್ದಿತು. ಓದಿದವರು ಹೆಚ್ಚಾಗಿ ಬಿಳಿಯರ ಮಕ್ಕಳು. ನಮ್ಮ ಹೆಸರಲ್ಲಿ ತಂದ ದುಡ್ಡು ನಮಗಾಗಲಿಲ್ಲ ಅಂತ 1771ರಲ್ಲಿ ಕಾಲೇಜಿನ ಸ್ಥಾಪಕ ವೀಲಾಕ್‌ಗೆ ಅವರು ನೇರವಾಗಿ ಬರೆದರು. ಯಾರನ್ನೂ ಮೆಚ್ಚಿಸುವ ಹಂಗಿಲ್ಲದ ಕಾಗದ ಅದು. ಇಡೀ ವಿಷಯದಲ್ಲಿ ಒಂದೇ ಕಾಗದ ಓದುವುದಾದರೆ ನಾನು ಇದನ್ನೇ ಹೇಳುತ್ತೇನೆ. ಆಕಮ್ ಅವರ ಕಾಗದಪತ್ರಗಳನ್ನು ಡಾರ್ಟ್‌ಮತ್ 2022ರಲ್ಲಿ ಮೊಹೀಗನ್ ಜನರಿಗೆ ಹಿಂದಿರುಗಿಸಿತು.

ಹಾಗಾದರೆ ಮನೆಗೆ ಬರೆದ ಕಾಗದದಲ್ಲಿ ಯಾವುದನ್ನು ಧೈರ್ಯವಾಗಿ ನಂಬಬಹುದು? ಊಟ, ಬಟ್ಟೆ, ಕೆಲಸ, ಗಂಟೆಯ ಲೆಕ್ಕ. ಇಂಥದ್ದರಲ್ಲಿ ಬಣ್ಣ ಕಟ್ಟುವುದು ಕಡಿಮೆ. 1847ರಲ್ಲಿ ಮೌಂಟ್ ಹೋಲ್ಯೋಕ್ ಹೆಣ್ಣುಮಕ್ಕಳ ಸೆಮಿನರಿಯಿಂದ, ಅಂದರೆ ಉನ್ನತ ಶಾಲೆಯಿಂದ, ಮುಂದೆ ಹೆಸರಾಂತ ಕವಿಯಾದ ಎಮಿಲಿ ಡಿಕಿನ್ಸನ್ ಗೆಳತಿಗೆ ಬರೆದ ಕಾಗದ ನೋಡಿ. ಬೆಳಿಗ್ಗೆ 6ಕ್ಕೆ ಏಳಬೇಕು, 7ಕ್ಕೆ ತಿಂಡಿ, 8ಕ್ಕೆ ಓದು, 9ಕ್ಕೆ ಪ್ರಾರ್ಥನೆ. ಅಲ್ಲಿ ಮನೆಗೆಲಸವನ್ನೂ ಹುಡುಗಿಯರೇ ಹಂಚಿಕೊಳ್ಳಬೇಕಿತ್ತು. ಅವಳ ಪಾಲಿಗೆ ಬಂದದ್ದು ಊಟದ ಮೇಜಿನ ಚಾಕುಗಳು: ಎತ್ತಿಡುವುದು, ರಾತ್ರಿ ತೊಳೆದು ಒರೆಸುವುದು. ಅಣ್ಣನಿಗೆ ಬರೆದದ್ದರಲ್ಲಿ ಮಾತ್ರ ತಮಾಷೆ ಜಾಸ್ತಿ. ಮೆಕ್ಸಿಕೋ ಯುದ್ಧ ಮುಗಿಯಿತಾ, ನಾವು ಸೋತೆವಾ ಅಂತ ಅವನನ್ನೇ ಕೇಳುತ್ತಾಳೆ. ಒಳಗಿದ್ದವರಿಗೆ ಹೊರಗಿನ ಸುದ್ದಿ ಎಷ್ಟು ಕಡಿಮೆ ಸಿಗುತ್ತಿತ್ತು ಅನ್ನುವುದು ಆ ತಮಾಷೆಯಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ಉಳಿದಿರುವುದು ಹೆಚ್ಚಾಗಿ ದೊಡ್ಡವರಾದವರ ಕಾಗದಗಳೇ. ಅವೂ ಎಲ್ಲೆಲ್ಲೋ ಇರುತ್ತವೆ. ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್ ಹಾರ್ವರ್ಡ್‌ನಲ್ಲಿ ಓದುವಾಗ 1753ರಲ್ಲಿ ಶುರುಮಾಡಿದ ಡೈರಿ, ಅವನ ಮಗಳನ್ನು ಮದುವೆಯಾಗಲು ಬಯಸಿದ್ದ ರಾಯಲ್ ಟೈಲರ್‌ನ ಕಾಗದಗಳ ನಡುವೆ ಸಿಕ್ಕಿತು. ಅಚ್ಚಾದದ್ದು 1966ರಲ್ಲಿ.

ಓದಲು ಶುರುಮಾಡುವವರು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಫೌಂಡರ್ಸ್ ಆನ್‌ಲೈನ್ ತೆರೆಯಿರಿ. ದುಡ್ಡು ಕೊಡಬೇಕಾಗಿಲ್ಲ. ಮ್ಯಾಡಿಸನ್ ಅಪ್ಪನಿಗೆ ಬರೆದ ಕಾಗದಗಳೂ ಆ ಪೋಲಿ ಪದ್ಯಗಳೂ ಅಲ್ಲೇ ಇವೆ.