ಕಾವಾಸಾಕಿ ಕಾಯಿಲೆ: ಜ್ವರಕ್ಕೆ ಇದು ಎಷ್ಟನೇ ದಿನ?

1961ರ ಜನವರಿಯಲ್ಲಿ ಟೋಕಿಯೊದ ರೆಡ್‌ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಬಿಡದ ಜ್ವರ, ಕೆಂಗಣ್ಣು, ಒಡೆದ ತುಟಿ, ಮೈಮೇಲೆ ದದ್ದು. ಮಕ್ಕಳ ವೈದ್ಯ ಟೊಮಿಸಾಕು ಕಾವಾಸಾಕಿ ಅವರಿಗೆ ಇದು ಯಾವ ಕಾಯಿಲೆ ಅಂತ ಹೊಳೆಯಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ, ವೈದ್ಯರು ಮರೆಯಲಿಲ್ಲ. 1967ರಲ್ಲಿ ಇಂಥ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಅದು ಇಂಗ್ಲಿಷ್‌ಗೆ ಬಂದದ್ದು 1974ರಲ್ಲಿ.

ಮೊದಲಿಗೆ ಇದು ತಾನಾಗಿ ವಾಸಿಯಾಗುವ ಜ್ವರ ಎಂದೇ ತಿಳಿದಿದ್ದರು. ಆದರೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ತೀರಿಕೊಂಡರು. ಶವಪರೀಕ್ಷೆ ಮಾಡಿದಾಗ ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳ ಉರಿಯೂತದಿಂದ ಉಬ್ಬಿ, ಅಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೀಗೆ ನಾಳ ಉಬ್ಬುತ್ತದೆ.

ಕಾಯಿಲೆಗೆ ಕಾರಣ ಇವತ್ತಿಗೂ ಸಿಕ್ಕಿಲ್ಲ. ಇದೇ ಎಂದು ಹೇಳುವ ರಕ್ತಪರೀಕ್ಷೆಯೂ ಇಲ್ಲ. ಕಾಯಿಲೆ ಗುರುತಿಸಲು ಐದು ದಿನದ ಜ್ವರದ ಜೊತೆ ಈ ಐದರಲ್ಲಿ ನಾಲ್ಕು ಲಕ್ಷಣ ಇರಬೇಕು: ಗೀಜು ಕಟ್ಟದ ಕೆಂಗಣ್ಣು, ಕೆಂಪಾದ ತುಟಿ-ನಾಲಿಗೆ, ದದ್ದು, ಊದಿದ ಕೈಕಾಲು, ಕತ್ತಿನಲ್ಲಿ ಗಂಟು. ತೊಡಕು ಇರುವುದೇ ಇಲ್ಲಿ. ಇವೆಲ್ಲ ಒಂದೇ ದಿನ ಕಾಣುವುದಿಲ್ಲ. ಸೋಮವಾರದ ದದ್ದು ಗುರುವಾರ ಇರುವುದಿಲ್ಲ, ಅಷ್ಟರಲ್ಲಿ ವೈದ್ಯರೂ ಬದಲಾಗಿರುತ್ತಾರೆ. ದಡಾರ ಇರಬಹುದು, ವೈರಲ್ ಇರಬಹುದು ಎನ್ನುತ್ತಲೇ ವಾರ ಕಳೆಯುತ್ತದೆ. ಆರು ತಿಂಗಳೊಳಗಿನ ಕೂಸುಗಳಲ್ಲಂತೂ ಬರೀ ಜ್ವರ, ಕಿರಿಕಿರಿ ಇಷ್ಟೇ ಇರಬಹುದು. ಅಪಾಯ ಜಾಸ್ತಿ ಇರುವುದೂ ಅವಕ್ಕೇ. ಹಾಗಾಗಿ ದದ್ದು ಕಂಡ ಕೂಡಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಜ್ವರ ಶುರುವಾದ ತಾರೀಖು ಬರೆದಿಡಿ. ನಮ್ಮಲ್ಲಿ ಇನ್ನೊಂದು ಸುಳಿವೂ ಉಂಟು: ಹುಟ್ಟಿದಾಗ ತೋಳಿಗೆ ಹಾಕಿಸಿದ ಬಿಸಿಜಿ ಚುಚ್ಚುಮದ್ದಿನ ಕಲೆ ಕೆಲವು ಮಕ್ಕಳಲ್ಲಿ ಮತ್ತೆ ಕೆಂಪಾಗುತ್ತದೆ.

ದಿನ ಎಣಿಸಬೇಕು, ಯಾಕೆಂದರೆ ಔಷಧಿ ಮೊದಲ ಹತ್ತು ದಿನದೊಳಗೆ ಬಿದ್ದರೆ ಒಳ್ಳೆಯದು. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ (ರಕ್ತದ ದ್ರವ ಭಾಗ) ತೆಗೆದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳು, ಅದು. ಇದರಿಂದ ನಾಳ ಉಬ್ಬುವುದು ಕಡಿಮೆಯಾಗುತ್ತದೆ ಎಂದು 1984ರಲ್ಲಿ ಜಪಾನ್, 1986ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕ, ಅಂದರೆ 10 ಕಿಲೋ ಮಗುವಿಗೆ 20 ಗ್ರಾಂ. ಬೆಲೆ ದುಬಾರಿ, ಎಷ್ಟೋ ಮನೆಗಳಿಗೆ ಎಟುಕುವಂಥದ್ದಲ್ಲ. ಇದು ನಿಜಕ್ಕೂ ಸಂಕಟದ ಮಾತು. ಜೊತೆಗೆ ಆಸ್ಪಿರಿನ್ ಇರುತ್ತದೆ, ಆದರೆ ಅದನ್ನು ವೈದ್ಯರು ಹೇಳದೆ ಮಕ್ಕಳಿಗೆ ಕೊಡಲೇಬಾರದು.

ಜ್ವರ ಬಿಟ್ಟಿತು ಎಂದು ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ತಪ್ಪಿಸಬೇಡಿ. ಎರಡನೇ ವಾರದಲ್ಲಿ, ಮತ್ತೆ ಆರರಿಂದ ಎಂಟನೇ ವಾರದಲ್ಲಿ ನಾಳ ಹೇಗಿದೆ ನೋಡಬೇಕು. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಇದನ್ನು ತಿಳಿಸಿ.