ಹಿರಿಯರ ಲಸಿಕೆಗೆ ವಿಮೆ ಏಕೆ ಹಣ ಕೊಡುವುದಿಲ್ಲ?

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಅರವತ್ತು ದಾಟಿದವರೊಬ್ಬರು ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದರೆ, ಅವರ ಆರೋಗ್ಯ ವಿಮೆ ಲಕ್ಷಗಟ್ಟಲೆ ರೂಪಾಯಿಯ ಬಿಲ್ಲನ್ನೂ ಭರಿಸುತ್ತದೆ. ಅದೇ ಕಾಯಿಲೆಯ ಅಪಾಯವನ್ನು ತಗ್ಗಿಸುವ ನ್ಯುಮೊಕಾಕಲ್ ಲಸಿಕೆಯ ಖರ್ಚು ಮಾತ್ರ ಸಾಮಾನ್ಯವಾಗಿ ಅವರ ಕೈಯಿಂದಲೇ ಹೋಗುತ್ತದೆ.

ಇದರ ಬೇರು 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ತಂದ ಮೆಡಿಕ್ಲೇಮ್ ಪಾಲಿಸಿಯಲ್ಲಿದೆ. ಕನಿಷ್ಠ 24 ಗಂಟೆ ಒಳರೋಗಿಯಾಗಿ ದಾಖಲಾದವರ ಖರ್ಚನ್ನು ತುಂಬಿಕೊಡುವುದು ಅದರ ಮೂಲ ನಿಯಮವಾಗಿತ್ತು. ವಿಮೆ ಇರುವುದು ಅನಿರೀಕ್ಷಿತ ನಷ್ಟಕ್ಕೆ, ಲಸಿಕೆಯಾದರೋ ಮೊದಲೇ ಗೊತ್ತಿರುವ ವೆಚ್ಚ ಎಂಬ ತರ್ಕದಿಂದ ಅದು ಹೊರಗುಳಿಯಿತು. ನಾಯಿ ಕಚ್ಚಿದ ನಂತರದ ಚುಚ್ಚುಮದ್ದಿಗೆ ಮಾತ್ರ ಅನೇಕ ಪಾಲಿಸಿಗಳು ವಿನಾಯಿತಿ ಕೊಟ್ಟವು.

ಸರ್ಕಾರದ ಲಸಿಕಾ ಕಾರ್ಯಕ್ರಮವೂ ಹಿರಿಯರನ್ನು ಗಮನದಲ್ಲಿಟ್ಟು ರೂಪುಗೊಂಡದ್ದಲ್ಲ. 1978ರಲ್ಲಿ ಆರಂಭವಾಗಿ 1985ರಲ್ಲಿ ಸಾರ್ವತ್ರಿಕವಾಗಿ ವಿಸ್ತರಿಸಿದ ಈ ಕಾರ್ಯಕ್ರಮ ಮಕ್ಕಳು ಮತ್ತು ಗರ್ಭಿಣಿಯರಿಗಾಗಿ ರೂಪಿತವಾಗಿತ್ತು. 2017ರಲ್ಲಿ ನ್ಯುಮೊಕಾಕಲ್ ಲಸಿಕೆ ಸೇರಿದ್ದೂ ಶಿಶುಗಳಿಗಾಗಿಯೇ. ಹಿರಿಯರಿಗೇ ಆದ್ಯತೆ ಸಿಕ್ಕ ದೊಡ್ಡ ಸಂದರ್ಭವೆಂದರೆ ಕೋವಿಡ್. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ, ಖಾಸಗಿ ಆಸ್ಪತ್ರೆಗಳಲ್ಲಿ 250 ರೂಪಾಯಿಗೆ ಲಸಿಕೆ ದೊರೆಯಿತು. ಮನಸ್ಸು ಮಾಡಿದರೆ ಹಿರಿಯರಿಗೂ ಲಸಿಕೆ ತಲುಪಿಸಬಹುದೆಂದು ಆಗ ಬೆಂಗಳೂರು ಕಣ್ಣಾರೆ ಕಂಡಿತು. ಆ ವ್ಯವಸ್ಥೆಯನ್ನು ಫ್ಲೂ, ನ್ಯುಮೋನಿಯಾ ಲಸಿಕೆಗಳಿಗೆ ಮುಂದುವರಿಸದೆ ಹೋದದ್ದು ನಿಜಕ್ಕೂ ದೊಡ್ಡ ನಷ್ಟ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಅದನ್ನು ಆದಾಯದ ಮಿತಿಯಿಲ್ಲದೆ 70 ದಾಟಿದವರಿಗೂ ವಿಸ್ತರಿಸಿತು. ಆದರೆ ಅದೂ ಆಸ್ಪತ್ರೆ ಚಿಕಿತ್ಸೆಗೆ.

ಖಾಸಗಿ ವಿಮೆಯಲ್ಲಿ ಅಡ್ಡಿ ಇನ್ನೂ ಆಳದ್ದು. ಪಾಲಿಸಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಮೊದಲೇ ಇರುವ ಕಾಯಿಲೆಗಳಿಗೆ ರಕ್ಷಣೆ ಸಿಗುವ ಮುನ್ನ ಕಳೆಯಬೇಕಾದ ‘ಕಾಯುವ ಅವಧಿ’ಯಲ್ಲಿ ಆಗಲೇ ಕಳೆದ ಕಾಲದ ಲಾಭವನ್ನು ಕಳೆದುಕೊಳ್ಳದೆ ಗ್ರಾಹಕರು 2011ರಿಂದ ಕಂಪನಿ ಬದಲಿಸಬಹುದು. ಈ ಹಕ್ಕು ಗ್ರಾಹಕರಿಗೆ ಅಗತ್ಯವೇ. ಆದರೆ ಇಂದು ಒಂದು ಕಂಪನಿ ಲಸಿಕೆಗೆ ಹಣ ಕೊಟ್ಟರೆ, ನಾಲ್ಕು ವರ್ಷದ ನಂತರ ಆಸ್ಪತ್ರೆ ಖರ್ಚು ತಪ್ಪಿ ಆಗುವ ಉಳಿತಾಯ ಇನ್ನೊಂದು ಕಂಪನಿಯ ಪಾಲಾಗಬಹುದು. ಹಿರಿಯರನ್ನು ಜೀವನಪರ್ಯಂತ ತನ್ನಲ್ಲೇ ಇರಿಸಿಕೊಳ್ಳುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಈ ಅಳುಕಿಲ್ಲ. ಅದು 1981ರಿಂದಲೇ ನ್ಯುಮೊಕಾಕಲ್ ಲಸಿಕೆಯನ್ನು ಭರಿಸುತ್ತಿದೆ.

2023ರಲ್ಲಿ ನಮ್ಮಲ್ಲಿ ಸರ್ಪಸುತ್ತಿನ ಹೊಸ ಲಸಿಕೆ ಬಂದಾಗ ಈ ಕೊರತೆಯ ಭಾರ ಇನ್ನಷ್ಟು ಎದ್ದು ಕಂಡಿತು, ಏಕೆಂದರೆ ಅದರ ಎರಡು ಡೋಸಿಗೆ ತಗಲುವ ವೆಚ್ಚ ಪಿಂಚಣಿಯನ್ನೇ ನಂಬಿದವರಿಗೆ ಸಣ್ಣದಲ್ಲ. ಹೊರರೋಗಿ ವೆಚ್ಚವನ್ನು ಸೇರಿಸಿಕೊಳ್ಳುವ ಕೆಲವು ಹೊಸ ಪಾಲಿಸಿಗಳು ಈಗ ಲಸಿಕೆಗೂ ಒಂದು ಮಿತಿಯವರೆಗೆ ಹಣ ಕೊಡುತ್ತವೆ. ಆದರೆ ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ನವೀಕರಣದ ವೇಳೆ ಯಾವ ಲಸಿಕೆ, ಎಷ್ಟು ಮೊತ್ತ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.