ಪದ ಪರಿಚಯ: ಅಮೃತಮಹಲ್

ಅಮೃತಮಹಲ್ ಎಂದರೆ ನಮ್ಮ ಕಣ್ಣಮುಂದೆ ಬರುವುದು ಒಂದು ದನ. ಬೂದು ಮೈ, ಕಿರಿದಾದ ನೀಳ ಮುಖ, ಹಣೆಯ ನಡುವೆ ಇಳಿಯುವ ಗೀರು, ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮೇಲೇಳುವ ಚೂಪು ಕೋಡು. ಆದರೆ ಈ ಹೆಸರು ಮೊದಲು ಇದ್ದದ್ದು ಒಂದು ಸರ್ಕಾರಿ ಇಲಾಖೆಗೆ. ದನಕ್ಕೆ ಅದು ಅಂಟಿಕೊಂಡದ್ದು ಆಮೇಲೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಮೈಸೂರಿನ ಆಡಳಿತ ಹದಿನೆಂಟು ಚಾವಡಿಗಳಾಗಿ ಹಂಚಿಕೊಂಡಿತ್ತು. ಅವುಗಳಲ್ಲಿ ಒಂದು ಬೆಣ್ಣೆ ಚಾವಡಿ. ಚಾವಡಿ ಎಂದರೆ ಕಚೇರಿ. ಅರಮನೆಯ ಹಸುಗಳನ್ನು ಸಾಕಿ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಯ ಕಾಲಕ್ಕೆ ಇದೇ ಹಿಂಡಿನ ಎತ್ತುಗಳು ಫಿರಂಗಿ ಎಳೆದವು. ಚಿದಂಬರಂ ನೆರವಿಗೆ ಆತನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಗೆಜೆಟಿಯರ್ ಬರೆಯುತ್ತದೆ. ಟಿಪ್ಪು ಇಲಾಖೆಯ ಹೆಸರು ಬದಲಿಸಿದ: ಬೆಣ್ಣೆ ಹೋಗಿ ಅಮೃತ ಬಂತು, ಚಾವಡಿ ಹೋಗಿ ಮಹಲ್ ಬಂತು. ಹೆಸರಿನ ತುಂಬ ಹಾಲಿದ್ದರೂ ಈ ಹಸುಗಳ ಹಾಲು ಕರುವಿನ ಹೊಟ್ಟೆಗೆ ಸಾಕಾದರೆ ಹೆಚ್ಚು. ಇವು ಓಡಲೆಂದೇ ಬೆಳೆದ ದನ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಈ ಹಿಂಡು ಕಟ್ಟಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. ಕೆಲವು ವರ್ಷ ಮೈಸೂರು ಸರ್ಕಾರದ ಸುಪರ್ದಿಯಲ್ಲಿದ್ದಾಗ ಹಿಂಡು ಸೊರಗಿತು. 1813ರಲ್ಲಿ ಮದರಾಸು ಸೈನ್ಯದ ಸರಬರಾಜು ವಿಭಾಗವೇ ಅದನ್ನು ವಹಿಸಿಕೊಂಡಿತು. ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ಅದರ ಮೇಲ್ವಿಚಾರಕ. ಹುಣಸೂರು ಈ ವ್ಯವಹಾರದ ದೊಡ್ಡ ಠಾಣೆಯಾಯಿತು. ಮೇಲಧಿಕಾರಿ ಬದಲಾದರೂ ಹಿಂಡಿನ ಜೊತೆ ಅಲೆಯುತ್ತಿದ್ದವರು ಅದರ ಉಸ್ತುವಾರಿ ನೋಡುವ ಅದೇ ದರೋಗರು, ದನಗಾಹಿಗಳ ಮುಖಂಡರಾದ ಅದೇ ಸೇರ್ವೆಗಾರರು. ದನದ ವಿದ್ಯೆ ಇದ್ದದ್ದು ಅವರಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಆ ವಿದ್ಯೆ ನಿಂತದ್ದು ಕಾವಲುಗಳ ಮೇಲೆ. ಕಾಯುವುದರಿಂದ ಕಾವಲು, ಹಿಂಡಿಗೆಂದೇ ಕಾದಿಟ್ಟ ಹುಲ್ಲುಗಾವಲು. ಅದರಲ್ಲಿ ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದ್ದು ಬೇರೆ. ಬೇಸಿಗೆ ಕಾವಲು ಎಂದರೆ ಕೆರೆಯಂಗಳದ ಹಸಿರು, ನೆರಳು ಕೊಡುವ ಮರ, ಬತ್ತದ ನೀರು. ಹುಲ್ಲು ಮುಗಿಯುವ ಮೊದಲೇ ಹಿಂಡು ಅಲ್ಲಿಂದ ಎದ್ದು ಇನ್ನೊಂದಕ್ಕೆ ನಡೆಯುತ್ತಿತ್ತು. ಹೀಗೆ ಬಯಲಲ್ಲೇ ಹುಟ್ಟಿ ಬೆಳೆದ ಹೋರಿ ಕೊಟ್ಟಿಗೆ ಕಂಡದ್ದಲ್ಲ, ಮನುಷ್ಯನ ಕೈ ಕಂಡದ್ದೂ ಅಲ್ಲ. ಒಳ್ಳೆಯವನ್ನು ಬೀಜದ ಹೋರಿಗಳಾಗಿ ಉಳಿಸಿಕೊಂಡು ಮಿಕ್ಕವುಗಳ ಬೀಜ ಒಡೆಯುತ್ತಿದ್ದರು. ಪಳಗಿಸುವ ಕಾಲ ಬಂದಾಗ ದೊಡ್ಡಿಗೆ ಅಟ್ಟಿ, ಕುಣಿಕೆ ಎಸೆದು, ಗಟ್ಟಿ ಕಂಬಕ್ಕೆ ಬಿಗಿಯುತ್ತಿದ್ದರು. ಅದು ಗುಟುರು ಹಾಕಿ ಮಣ್ಣು ಕೆದರಿ ಸುಸ್ತಾದ ಮೇಲೆ ಪಳಗಿದ ಹಳೆಯ ಎತ್ತಿನ ಕೊರಳಿಗೆ ಜೋಡಿಸುತ್ತಿದ್ದರು. ಮುದಿ ಎತ್ತು ನಡೆದಂತೆ ನಡೆದು, ನಿಂತಂತೆ ನಿಂತು, ಹೊಸದು ನೊಗ ಕಲಿಯುತ್ತಿತ್ತು.

ಮದರಾಸು ಸರ್ಕಾರ ಖರ್ಚು ಉಳಿಸಲು 1860ರಲ್ಲಿ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ತಲೆಮಾರುಗಳ ಆಯ್ಕೆ ಹೀಗೆ ಚೆಲ್ಲಾಪಿಲ್ಲಿಯಾಯಿತು. ಸೈನ್ಯಕ್ಕೆ ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆಯಬೇಕಾಯಿತು. 1882ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿದ ಇಲಾಖೆ 1923ರಲ್ಲಿ ಸೈನ್ಯದಿಂದ ಕಳಚಿಕೊಂಡು ಕೃಷಿ ಇಲಾಖೆಯನ್ನು ಸೇರಿತು.

ಒಂದು ಮಾತು ಹೇಳಲೇಬೇಕು. ಬ್ರಿಟಿಷರ ಕೈಯಲ್ಲಿದ್ದಷ್ಟು ದಿನ ಈ ಇಲಾಖೆಗೆ ದನ ಎಂದರೆ ಫಿರಂಗಿ ಎಳೆಯುವ ಶಕ್ತಿ. ದೊಡ್ಡರೋಗ (ರಿಂಡರ್‌ಪೆಸ್ಟ್ ಎಂಬ ದನಗಳ ಅಂಟುರೋಗ) ಬಂದು ರೈತನ ಜೋಡೆತ್ತು ಒಂದೇ ವಾರದಲ್ಲಿ ಸತ್ತರೆ ಅದು ಇದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ರೈತನ ಕೊಟ್ಟಿಗೆಗೆ ಮದ್ದು ತಲುಪಿಸುವ ಕೆಲಸ ಬೇರೆ ದಾರಿಯಲ್ಲಿ, ತಡವಾಗಿ ಬಂತು. ಮೈಸೂರು ಸೀರಂ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 1925ರಲ್ಲಿ. ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ.

ಫಿರಂಗಿ ಎಳೆಯುವ ಎತ್ತಿನ ಕಾಲ ಮುಗಿದರೂ ಪದ ಎರಡು ಕಡೆ ಉಳಿಯಿತು. ಒಂದು, ತಳಿಯ ಹೆಸರಾಗಿ. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದಲ್ಲಿ ಆ ಹಿಂಡು ಇಂದಿಗೂ ಇದೆ. ಇನ್ನೊಂದು, ನೆಲದ ಹೆಸರಾಗಿ. ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಕಂದಾಯ ದಾಖಲೆಗಳಲ್ಲಿ ‘ಅಮೃತಮಹಲ್ ಕಾವಲು’ ಎಂಬ ಮಾತು ಈಗಲೂ ಸಿಗುತ್ತದೆ. ಕಡೂರು ಸೀಮೆಯ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಗಿದೆ. ಚಳ್ಳಕೆರೆಯ ಕಾವಲುಗಳಲ್ಲಿ 9 ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಬೇಲಿ ಎದ್ದಾಗ ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಬೀದಿಗಿಳಿದರು. ಇಲಾಖೆಯ ದನ ಮೇಯುತ್ತಿದ್ದ ಆ ಹುಲ್ಲಿನಲ್ಲೇ ಅವರ ಕುರಿಗಳೂ ಬದುಕಿದ್ದವು.